ಲಕ್ವ ಹೊಡೆದ ಮನೆಯಲ್ಲಿ ರಾತ್ರಿ ಎರಡೂವರೆಗೆ ಏಳುವವರು ಯಾರು?

ಪಾರ್ಶ್ವವಾಯು ಆದವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿಯ ತಳದಲ್ಲಿ ನಾಲ್ಕೈದು ಸಾಲು ಸೂಚನೆಗಳಿರುತ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಟ್ಯೂಬಿನಲ್ಲಿ 200 ಎಂ.ಎಲ್. ಆಹಾರ, ಎರಡು-ಮೂರು ಗಂಟೆಗೊಮ್ಮೆ. ಬಾಯಿ, ಬೆನ್ನಿನ ಆರೈಕೆ. ಕೈಕಾಲಿಗೆ ವ್ಯಾಯಾಮ, ದಿನಕ್ಕೆರಡು ಸಲ. ಎಲ್ಲ ಸಾಲಿನಲ್ಲೂ ಕ್ರಿಯಾಪದವಿದೆ, ಕರ್ತೃಪದವಿಲ್ಲ. ವಾರ್ಡಿನಲ್ಲಿ ಇದೇ ಕೆಲಸವನ್ನು ಮೂರು ಪಾಳಿಯ ನರ್ಸ್‌ಗಳು, ಆಯಾಗಳು, ಫಿಸಿಯೋಥೆರಪಿಸ್ಟ್ ಹಂಚಿಕೊಂಡು ಮಾಡುತ್ತಿದ್ದರು. ಮನೆಗೆ ಬಂದ ದಿನ ಅಷ್ಟೂ ಒಬ್ಬರ ತಲೆಗೆ ಬರುತ್ತದೆ. ಆ ಒಬ್ಬರು ಹೆಚ್ಚಾಗಿ ಹೆಂಡತಿ, ಇಲ್ಲವೇ ಸೊಸೆ, ಇಲ್ಲವೇ ಕೆಲಸ ಬಿಟ್ಟು ಬಂದ ಮಗಳು.

ಇವರ ಯೋಗಕ್ಷೇಮ ಎಂದ ಕೂಡಲೇ ಧೈರ್ಯ ಹೇಳುವುದು, ಪ್ರಾಣಾಯಾಮ ಕಲಿಸುವುದು, ‘ನೀವೂ ಸ್ವಲ್ಪ ರೆಸ್ಟ್ ತಗೊಳ್ಳಿ’ ಅನ್ನುವುದು ರೂಢಿ. ಕೇಳಲು ಚೆನ್ನ. ಆದರೆ ಯಾವ ಹೊತ್ತಿನಲ್ಲಿ ರೆಸ್ಟ್ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅದಕ್ಕೇ ಇಲ್ಲಿ ಗಂಟೆಗಳಿಂದ ಶುರು ಮಾಡೋಣ.

ಒಂಬತ್ತೂವರೆ ಗಂಟೆ

ಮೂಗಿಗೆ ಟ್ಯೂಬ್ ಇರುವ, ತಾನಾಗಿ ಹೊರಳಲಾಗದ ರೋಗಿಯ ಒಂದು ದಿನದ ಅಂದಾಜು ಲೆಕ್ಕ ಹಾಕಿ. ಮಗ್ಗುಲು ಬದಲಿಸಿ ದಿಂಬು ಹೊಂದಿಸಲು ಒಂದು ಸಲಕ್ಕೆ 10 ನಿಮಿಷ. ಎರಡು ಗಂಟೆಗೊಮ್ಮೆ ಎಂದರೆ 12 ಸಲ, 120 ನಿಮಿಷ. ಟ್ಯೂಬ್ ಫೀಡ್ ಏಳು ಸಲ. ಮಿಕ್ಸಿಗೆ ಹಾಕಿ, ಸೋಸಿ, ನಿಧಾನಕ್ಕೆ ಬಿಟ್ಟು, ಆಮೇಲೆ ನೀರು ಹಾಯಿಸಿ ಟ್ಯೂಬ್ ತೊಳೆಯಲು ತಲಾ 25 ನಿಮಿಷ, ಅಂದರೆ 175. ಡೈಪರ್ ಐದು ಸಲ, 75. ಮೈ ಒರೆಸಿ ಬಟ್ಟೆ ಬದಲಿಸಲು ಒಂದು ಗಂಟೆ. ವ್ಯಾಯಾಮ ಇನ್ನೊಂದು ಗಂಟೆ. ಮಾತ್ರೆ ಪುಡಿ ಮಾಡಿ ಕೊಡಲು ಅರ್ಧ ಗಂಟೆ. ಬಟ್ಟೆ, ಹಾಸಿಗೆ ಒಗೆಯಲು ಮುಕ್ಕಾಲು ಗಂಟೆ. ಒಟ್ಟು 565 ನಿಮಿಷ, ಹತ್ತಿರ ಹತ್ತಿರ ಒಂಬತ್ತೂವರೆ ಗಂಟೆ. ಮನೆಯ ಅಡುಗೆ, ಮಕ್ಕಳ ಸ್ಕೂಲು, ಔಷಧಿ ಅಂಗಡಿ ಇದರಲ್ಲಿ ಸೇರಿಲ್ಲ.

ಒಂಬತ್ತೂವರೆ ಗಂಟೆಯ ಕೆಲಸ ಯಾರೂ ಮಾಡದ್ದೇನಲ್ಲ. ಕಷ್ಟ ಇರುವುದು ಅದು 24 ಗಂಟೆಗೂ ಚೂರುಚೂರಾಗಿ ಹರಡಿರುವುದರಲ್ಲಿ. ಎರಡು ಗಂಟೆಗೊಮ್ಮೆ ಏಳಬೇಕಾದವರಿಗೆ ಒಂದೂವರೆ ಗಂಟೆಗಿಂತ ಉದ್ದದ ನಿದ್ದೆ ಸಿಗುವುದೇ ಇಲ್ಲ. ಇದು ಹತ್ತು ದಿನ ನಡೆದರೆ ಸುಸ್ತು. ಮೂರು ತಿಂಗಳು ನಡೆದರೆ ಬಿಪಿ ಏರುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಮಾತ್ರೆಯ ಲೆಕ್ಕ ತಪ್ಪುತ್ತದೆ.

ರಾತ್ರಿಯನ್ನು ಉಳಿಸಿಕೊಳ್ಳುವುದು

ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ರಾತ್ರಿ. ‘ಎರಡು ಗಂಟೆಗೊಮ್ಮೆ’ ಎಂಬುದು ಆಸ್ಪತ್ರೆ ವಾರ್ಡಿನ ನಿಯಮ. ಹಾಸಿಗೆ ಯಾವುದು, ಚರ್ಮ ಹೇಗಿದೆ ಎಂದು ನೋಡದೆ ಅದನ್ನು ಆರು ತಿಂಗಳು ಹಾಗೇ ಎಳೆದುಕೊಂಡು ಹೋಗುವ ಮನೆಗಳು ಬಹಳ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಬೆಡ್ ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಅಪಾಯ ಇರುವ ವಯಸ್ಕರಿಗೆ ಕನಿಷ್ಠ 6 ಗಂಟೆಗೊಮ್ಮೆ, ಹೆಚ್ಚಿನ ಅಪಾಯ ಇರುವವರಿಗೆ ಕನಿಷ್ಠ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎನ್ನುತ್ತದೆ. ಹಾಗೆಂದು ಮೊದಲ ರಾತ್ರಿಯೇ ನಾಲ್ಕು ಗಂಟೆ ಬಿಡುವಂತಿಲ್ಲ. ಮೊದಲ ವಾರ ಎರಡು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ. ಪ್ರತಿ ಸಲ ಹೊರಳಿಸಿದಾಗ ಟೈಲ್‌ಬೋನ್ ಜಾಗ, ಸೊಂಟದ ಮೂಳೆ, ಹಿಮ್ಮಡಿ, ಪಾದದ ಗಂಟು ನೋಡಿ. ಕಲೆ ಬಿದ್ದಿದ್ದರೆ ಬೆರಳಿನಿಂದ ಒತ್ತಿ. ಒತ್ತಿದಾಗ ಬಣ್ಣ ಬಿಳಿಚಿಕೊಂಡು ಮತ್ತೆ ಬಂದರೆ ಪರವಾಗಿಲ್ಲ, ಬಿಳಿಚದೆ ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ಇಲ್ಲೊಂದು ಎಚ್ಚರ: ಪುಸ್ತಕಗಳು ‘ಕೆಂಪು’ ಎನ್ನುತ್ತವೆ, ನಮ್ಮ ಮೈಬಣ್ಣಕ್ಕೆ ಕೆಂಪು ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು.

ಒಂದು ವಾರ ಎಲ್ಲೂ ಕಲೆ ಉಳಿಯಲಿಲ್ಲವೆಂದರೆ, ಒಳ್ಳೆಯ ಫೋಮ್ ಹಾಸಿಗೆ ಅಥವಾ ಏರ್ ಬೆಡ್ ಇದೆಯೆಂದರೆ, ಡಾಕ್ಟರನ್ನೋ ಮನೆಗೆ ಬರುವ ನರ್ಸನ್ನೋ ಕೇಳಿ ರಾತ್ರಿಯ ಅಂತರವನ್ನು ಮೂರು ಗಂಟೆಗೆ, ಆಮೇಲೆ ನಾಲ್ಕಕ್ಕೆ ಏರಿಸಬಹುದು. ಕಲೆ ಕಂಡರೆ ಮರುದಿನವೇ ಹಿಂದಕ್ಕೆ. ಈಗಾಗಲೇ ಹುಣ್ಣಿದ್ದರೆ, ರೋಗಿ ತೀರಾ ಬಡಕಲಾಗಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಅಂತರ ಹಿಗ್ಗಿಸಬೇಡಿ. ಏರ್ ಬೆಡ್ ಇದ್ದರೆ ಹೊರಳಿಸುವುದೇ ಬೇಡ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಕರೆಂಟ್ ಹೋದಾಗ ಅದು ಬರೀ ರಬ್ಬರ್ ಹಾಳೆ. ಕಾಲಿನ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡುವುದು ಖರ್ಚಿಲ್ಲದ ಕೆಲಸ, ಅದನ್ನೇ ಹೆಚ್ಚು ಮಂದಿ ಮರೆಯುತ್ತಾರೆ.

ರಾತ್ರಿಗೆ ಅಡ್ಡ ಬರುವ ಇನ್ನೆರಡು ಸಂಗತಿಗಳನ್ನು ಓಪಿಡಿಯಲ್ಲಿ ಐದು ನಿಮಿಷದಲ್ಲಿ ಬಗೆಹರಿಸಿಕೊಳ್ಳಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆ ಇದ್ದರೆ ರಾತ್ರಿಯಿಡೀ ಡೈಪರ್ ಒದ್ದೆ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಟ್ಯೂಬ್ ಫೀಡನ್ನು ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಮುಗಿಯುವಂತೆ ಹಂಚಿಕೊಡಲು ಡಯಟೀಷಿಯನ್‌ಗೆ ಹೇಳಿ. ಗಂಡಸರಿಗಾದರೆ ರಾತ್ರಿಗೆ ಮಾತ್ರ ಕಾಂಡೋಮ್ ಕ್ಯಾಥೆಟರ್ (ಕಾಂಡೋಮಿನಂತೆ ಹೊರಗಿನಿಂದ ತೊಡಿಸಿ ಮೂತ್ರವನ್ನು ಚೀಲಕ್ಕೆ ಹರಿಸುವ ಕೊಳವೆ) ಹಾಕುವ ದಾರಿಯೂ ಇದೆ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ‘ಯಾರಿಗೆ ಎಚ್ಚರವಾಗುತ್ತೋ ಅವರು’ ಎಂಬ ಒಪ್ಪಂದ ಬೇಡ. ಅದರಲ್ಲಿ ಯಾವಾಗಲೂ ಒಬ್ಬರಿಗೇ ಎಚ್ಚರವಾಗುತ್ತದೆ. ರಾತ್ರಿ 10ರಿಂದ 3 ಒಬ್ಬರು, 3ರಿಂದ 8 ಇನ್ನೊಬ್ಬರು ಎಂದು ಭಾಗ ಮಾಡಿಕೊಳ್ಳಿ. ಸರದಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಲಿ. ಒಬ್ಬೊಬ್ಬರಿಗೂ ಐದು ಗಂಟೆಯ ತುಂಡಾಗದ ನಿದ್ದೆ ಸಿಗುತ್ತದೆ.

ಸೊಂಟ ಹೋಗುವುದು ಎಲ್ಲಿ

45 ಕೆ.ಜಿ.ಯ ಹೆಂಡತಿ 65 ಕೆ.ಜಿ.ಯ ಗಂಡನನ್ನು ಕಂಕುಳಿಗೆ ಕೈಹಾಕಿ ಎತ್ತುತ್ತಾಳೆ. ಆ ಒಂದು ಎತ್ತುವಿಕೆಯಲ್ಲಿ ಎರಡು ಕೀಲು ಹಾಳಾಗುತ್ತವೆ: ಅವಳ ಸೊಂಟ, ಅವನ ಭುಜ. ಲಕ್ವ ಹೊಡೆದ ಕೈಯ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಕಂಕುಳಲ್ಲಿ ಎತ್ತಿದರೆ, ಕೈ ಹಿಡಿದು ಎಳೆದರೆ ಕೀಲು ಕೆಳಕ್ಕೆ ಜಾರಿ ತಿಂಗಳುಗಟ್ಟಲೆ ನೋವು. ನೋವಿಗೆ ಹೆದರಿ ರೋಗಿ ವ್ಯಾಯಾಮ ಬೇಡವೆನ್ನುತ್ತಾರೆ, ಕೈ ಇನ್ನಷ್ಟು ಬಿಗಿಯುತ್ತದೆ, ಬಟ್ಟೆ ಹಾಕಿಸುವುದೇ ಅರ್ಧ ಗಂಟೆಯ ಕೆಲಸವಾಗುತ್ತದೆ. ಒಂದು ತಪ್ಪು ಹಿಡಿತ ನೋಡಿಕೊಳ್ಳುವವರ ದಿನಕ್ಕೆ ಹೀಗೆ ಗಂಟೆಗಳನ್ನು ಸೇರಿಸುತ್ತಾ ಹೋಗುತ್ತದೆ.

ಸರಿಯಾದ ಕ್ರಮ ಹೀಗೆ. ಗಾಲಿಕುರ್ಚಿಯನ್ನು ರೋಗಿಯ ಬಲವಿರುವ ಕಡೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಪಾದ ಇಡುವ ತಟ್ಟೆ ಮೇಲಕ್ಕೆ ಮಡಚಿ. ಅವರನ್ನು ಮಂಚದ ಅಂಚಿಗೆ ಸರಿಸಿ, ಎರಡೂ ಪಾದ ನೆಲಕ್ಕೆ ಊರಿಸಿ. ಹಿಡಿತಕ್ಕೆ ಸೊಂಟದ ಬೆಲ್ಟ್. ಇಲ್ಲದಿದ್ದರೆ ಗಟ್ಟಿ ಹತ್ತಿ ಬಟ್ಟೆಯನ್ನು ಅಗಲ ಪಟ್ಟಿಯಾಗಿ ಮಡಚಿ ಸೊಂಟಕ್ಕೆ ಕಟ್ಟಿ. ನಿಮ್ಮ ಮೊಣಕಾಲು ಅವರ ಬಲವಿಲ್ಲದ ಮೊಣಕಾಲಿಗೆ ಎದುರಾಗಿ ತಡೆ ಕೊಡಲಿ. ಅವರ ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿಸಿ, ಒಂದು-ಎರಡು-ಮೂರು ಎಂದು ಇಬ್ಬರೂ ಎಣಿಸಿ ಏಳಿಸಿ. ಈ ಮುಂದಕ್ಕೆ ಬಾಗುವುದನ್ನು ಬಿಟ್ಟರೆ ಪೂರ್ತಿ ಭಾರ ನಿಮ್ಮ ಬೆನ್ನಿಗೇ. ನಿಂತ ಮೇಲೆ ಪುಟ್ಟ ಹೆಜ್ಜೆಯಲ್ಲಿ ತಿರುಗಿಸಿ ಕೂರಿಸಿ. ಬಾಗಬೇಕಾದ್ದು ನಿಮ್ಮ ಮೊಣಕಾಲು, ಸೊಂಟವಲ್ಲ. ಬಲವಿರುವ ಕಾಲಿನ ಮೇಲೂ ನಿಲ್ಲಲಾಗದವರನ್ನು ಒಬ್ಬರೇ ಏಳಿಸಲು ಹೋಗಬೇಡಿ. ಹೆಗಲಿನಿಂದ ತೊಡೆಯವರೆಗೆ ಹಾಸಿದ ಅಡ್ಡ ಬಟ್ಟೆಯನ್ನು ಇಬ್ಬರು ಹಿಡಿದು ಸರಿಸುವುದೊಂದೇ ದಾರಿ.

ಹಳ್ಳಿಮನೆಗಳಲ್ಲಿ ರೋಗಿಯನ್ನು ‘ಬಿದ್ದುಬಿಟ್ಟಾರು’ ಎಂದು ನೆಲದ ಮೇಲೆ ಮಲಗಿಸುತ್ತಾರೆ. ಬೀಳುವುದು ತಪ್ಪುತ್ತದೆ ನಿಜ, ನೋಡಿಕೊಳ್ಳುವವರು ದಿನಕ್ಕೆ ಮೂವತ್ತು ಸಲ ನೆಲಕ್ಕೆ ಬಾಗಬೇಕಾಗುತ್ತದೆ. ಮಂಚಕ್ಕೆ ಹಾಕಿ, ಒಂದು ಪಕ್ಕ ಗೋಡೆಗೆ ತಾಗಿಸಿ, ಇನ್ನೊಂದು ಪಕ್ಕ ಹಲಗೆ ಕಟ್ಟಿ. ಪೂರ್ತಿ ಹಾಸಿಗೆ ಹಿಡಿದವರಿಗೆ ಮಂಚ ನಿಮ್ಮ ಸೊಂಟದ ಮಟ್ಟದ ಹತ್ತಿರ ಇರಬೇಕು. ಕಾಲಿಗೆ ಬರೀ ಇಟ್ಟಿಗೆ ಇಟ್ಟರೆ ಜಾರುತ್ತದೆ, ಬಡಗಿಯಿಂದ ನಡುವೆ ಗುಳಿ ತೋಡಿದ ಮರದ ದಿಮ್ಮಿ ಮಾಡಿಸಿ. ಎದ್ದು ಕೂರುವ ಹಂತ ಬಂದ ಮೇಲೆ ಅದನ್ನು ತೆಗೆದು, ಪಾದ ನೆಲ ಮುಟ್ಟುವ ಎತ್ತರಕ್ಕೆ ಇಳಿಸಬೇಕು. ಎತ್ತರ ಹೊಂದಿಸಬಹುದಾದ ಆಸ್ಪತ್ರೆ ಮಂಚ ಬಾಡಿಗೆಗೂ ಸಿಗುತ್ತದೆ. ಮೊದಲ ಮೂರು ತಿಂಗಳಿಗೆ ತರಿಸಿಕೊಂಡರೆ ಕೊಟ್ಟ ದುಡ್ಡು ದಂಡವಲ್ಲ.

ಮುದ್ದೆ, ಸಾರು, ನೀರು

ಪಾರ್ಶ್ವವಾಯುವಿನ ಶುರುವಿನ ದಿನಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗುವುದು ಕಷ್ಟ. ನಮ್ಮ ಊಟ ಇಲ್ಲಿ ವಿಶೇಷವಾಗಿ ತೊಡಕಿನದು. ಮುದ್ದೆಯನ್ನು ಅಗಿಯದೆ ತುತ್ತುತುತ್ತಾಗಿ ನುಂಗುವುದೇ ಪದ್ಧತಿ. ನುಂಗುವ ಸ್ನಾಯು ಸೋತವರ ಗಂಟಲಿಗೆ ಅದು ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಅನ್ನ-ತಿಳಿಸಾರು ಇನ್ನೊಂದು ಬಗೆಯ ಮೋಸ: ಅಗುಳು ಬಾಯಲ್ಲಿರುವಾಗಲೇ ತೆಳು ಸಾರು ಮುಂದೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತದೆ. ನೀರು, ಕಾಫಿ, ತೆಳು ಮಜ್ಜಿಗೆಯದ್ದೂ ಅದೇ ಗುಣ. ದಪ್ಪ ರಾಗಿ ಗಂಜಿ, ಚೆನ್ನಾಗಿ ಕಿವುಚಿದ ಮೊಸರನ್ನ, ಗಂಟಿಲ್ಲದ ಪೊಂಗಲ್ ಇವುಗಳಲ್ಲಿ ಹಿಡಿತ ಇರುತ್ತದೆ. ಏನು ಕೊಡಬಹುದು ಎಂಬುದನ್ನು ಸ್ಪೀಚ್ ಥೆರಪಿಸ್ಟ್ ನುಂಗಿಸಿ ನೋಡಿಯೇ ಹೇಳಬೇಕು. ಪೂರ್ತಿ ನೆಟ್ಟಗೆ ಕೂರಿಸಿ, ಅರ್ಧ ಚಮಚದ ತುತ್ತು, ಒಂದು ನುಂಗಿ ಬಾಯಿ ಖಾಲಿಯಾದ ಮೇಲೆ ಇನ್ನೊಂದು, ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಕೆಮ್ಮು ಬರಲಿಲ್ಲವೆಂದರೆ ಎಲ್ಲ ಸರಿ ಎಂದಲ್ಲ. ನುಂಗಿದ ಮೇಲೆ ದನಿ ಗೊರಗೊರ ಎನ್ನುವುದು, ಸಂಜೆಸಂಜೆ ಜ್ವರ ಬರುವುದು ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರುವ ಗುರುತು.

ಊಟ ಮಾಡಿಸುವ ಮುಕ್ಕಾಲು ಗಂಟೆಯೇ ನೋಡಿಕೊಳ್ಳುವವರಿಗೆ ಅತಿ ಹೆಚ್ಚು ಭಯದ ಹೊತ್ತು. ಅವರ ಊಟ ತಣ್ಣಗಾಗುವುದೂ ಆಗಲೇ. ಮೊದಲು ತಾವು ಉಂಡು, ಆಮೇಲೆ ಉಣಿಸಲಿ. ಇದು ಸ್ವಾರ್ಥ ಅನ್ನಿಸುವಂತೆ ನಮ್ಮ ಮನೆಗಳಲ್ಲಿ ಬೆಳೆಸಿದ್ದಾರೆ, ಹಸಿದವರ ಕೈ ಅವಸರಿಸುತ್ತದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಹಟವಲ್ಲ, ಗಾಯ

ಕೆಲಸದ ಭಾರಕ್ಕಿಂತ ಮಾತಿನ ಭಾರ ಹೆಚ್ಚು ಎನ್ನುವವರಿದ್ದಾರೆ. ಇಷ್ಟು ಮಾಡಿದರೂ ಬೈಗುಳ, ಕಾರಣವಿಲ್ಲದ ಅಳು, ಇಲ್ಲವೇ ಕಲ್ಲಿನಂಥ ಮೌನ. ಇವುಗಳ ಹಿಂದಿನ ಕಾರಣ ಗೊತ್ತಾದರೆ ಅರ್ಧ ನೋವು ಇಳಿಯುತ್ತದೆ. ಮಾತು ಹೋದವರಲ್ಲಿಯೂ ಬಾಯಿಪಾಠದಂಥ ಮಾತು ಉಳಿದಿರುವುದುಂಟು: ಎಣಿಕೆ, ದೇವರ ನಾಮ, ಭಜನೆ, ಮತ್ತು ಬೈಗುಳ. ‘ನೀರು’ ಎನ್ನಲಾಗದವರು ಸೊಸೆಯ ಮೇಲೆ ಕೆಟ್ಟ ಮಾತು ಆಡುವುದು ಮನಸ್ಸಿನಲ್ಲಿದ್ದದ್ದು ಹೊರಬಂದದ್ದಲ್ಲ. ಆ ಹೊತ್ತಿಗೆ ಬಾಯಿಗೆ ಸಿಕ್ಕಿದ್ದು ಅದೊಂದೇ. ಟಿವಿ ಜಾಹೀರಾತಿಗೂ ಬಿಕ್ಕಿಬಿಕ್ಕಿ ಅಳುವುದು ಭಾವನೆಯ ಲಗಾಮು ಹಿಡಿಯುವ ನರಮಾರ್ಗ ಕೆಟ್ಟದ್ದರಿಂದ. ಅದಕ್ಕೆ ಔಷಧಿ ಇದೆ. ತಟ್ಟೆಯ ಎಡಭಾಗದ ಅನ್ನ ಮುಟ್ಟದೆ ‘ಊಟ ಸಾಲಲಿಲ್ಲ’ ಎಂದರೆ ಎಡಗಡೆ ಒಂದಿದೆ ಎಂಬ ಅರಿವನ್ನೇ ಮೆದುಳು ಬಿಟ್ಟಿರುತ್ತದೆ. ತಟ್ಟೆ ತಿರುಗಿಸಿದರೆ ಸಾಕು. ವ್ಯಾಯಾಮಕ್ಕೆ ಏಳದಿರುವುದು ಸೋಮಾರಿತನವಾಗಿರದೆ ಖಿನ್ನತೆ ಆಗಿರಬಹುದು. ಪಾರ್ಶ್ವವಾಯು ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಅದು ಬರುತ್ತದೆ. ಡಿಸ್ಚಾರ್ಜ್ ದಿನ ಹತ್ತು ನಿಮಿಷ ಕೂರಿಸಿ ಇದನ್ನು ಹೇಳುವ ಆಸ್ಪತ್ರೆಗಳು ಕಡಿಮೆ.

ನೋಡಲು ಬರುವವರು

ಮೊದಲ ತಿಂಗಳು ಮನೆ ತುಂಬ ಜನ. ಬಂದವರಿಗೆ ಕಾಫಿ, ದೂರದಿಂದ ಬಂದವರಿಗೆ ಊಟ, ಪ್ರತಿಯೊಬ್ಬರಿಗೂ ‘ಹೇಗಾಯ್ತು’ ಎಂಬ ಕಥೆಯನ್ನು ಮೊದಲಿನಿಂದ ಹೇಳಬೇಕು. ಜೊತೆಗೆ ಸಲಹೆ: “ಪಾರಿವಾಳದ ರಕ್ತ ಹಚ್ಚಿದ್ರೆ ಹದಿನೈದು ದಿನಕ್ಕೆ ಎದ್ದು ಓಡಾಡ್ತಾರಂತೆ ಕಣಮ್ಮ, ಇಂಗ್ಲಿಷ್ ಮಾತ್ರೆ ನಿಲ್ಲಿಸ್ಬೇಕಷ್ಟೆ.” ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದರಿಂದ ತೊಂದರೆಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸುವುದರಿಂದ ಎರಡನೇ ಸಲ ಹೊಡೆಯಬಹುದು. ಆಗ ಹೊಣೆ ಹೊರುವವರು ಸಲಹೆ ಕೊಟ್ಟವರಲ್ಲ. ‘ಡಾಕ್ಟರ್ ಬರೆದುಕೊಡಲಿ, ನಿಲ್ಲಿಸ್ತೀವಿ’ ಎಂಬ ಒಂದೇ ಉತ್ತರವನ್ನು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡಿರುವುದು ಒಳ್ಳೆಯದು. ಹಾಗೆಯೇ ಮುಖ ಸೊಟ್ಟಗಾಗುವುದು, ಕೈ ಜೋತುಬೀಳುವುದು, ಮಾತು ತೊದಲುವುದು ಮತ್ತೆ ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ.

ಎರಡನೇ ತಿಂಗಳಿಗೆ ಜನ ಕರಗುತ್ತಾರೆ, ಮೂರನೆಯದಕ್ಕೆ ರೋಗಿಯ ಚೇತರಿಕೆಯ ವೇಗವೂ ಇಳಿಯುತ್ತದೆ. ನೋಡಿಕೊಳ್ಳುವವರು ಕುಸಿಯುವುದು ಹೆಚ್ಚಾಗಿ ಈ ತಿರುವಿನಲ್ಲಿ. ಮೊದಲ ತಿಂಗಳ ಜನಬಲವನ್ನು ಹಂಚಿ ಇಟ್ಟುಕೊಳ್ಳುವ ಉಪಾಯ ಒಂದಿದೆ. ಮಗ್ಗುಲು ಬದಲಿಸುವ ಚಾರ್ಟಿನಲ್ಲಿ ಸಮಯ, ಯಾವ ಮಗ್ಗುಲು ಎಂಬ ಎರಡು ಕಾಲಂ ಇರುತ್ತವೆ. ಅದರ ಪಕ್ಕಕ್ಕೆ ‘ಯಾರು’ ಎಂದು ಇನ್ನೊಂದು ಕಾಲಂ ಎಳೆದು ಗೋಡೆಗೆ ಅಂಟಿಸಿ. ವಾರದ ಕೊನೆಗೆ ಒಂದೇ ಹೆಸರು ಎಂಬತ್ತು ಸಲ ಕಂಡಾಗ, ಕಂಡದ್ದರ ಬಗ್ಗೆ ಮಾತಾಡದೆ ವಿಧಿಯಿಲ್ಲ. ನೋಡಲು ಬರುತ್ತೇನೆಂದ ಅತ್ತಿಗೆಗೆ ‘ಮಂಗಳವಾರ ಮೂರರಿಂದ ಆರರವರೆಗೆ ಬಂದು ಇರಿ, ನಾನು ಮಲಗಿ ಏಳ್ತೀನಿ’ ಎನ್ನಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ ದುಡ್ಡು ಕಳಿಸಿದರೆ ಮುಗಿಯಲಿಲ್ಲ. ದಿನಾ ಒಂದೇ ಹೊತ್ತಿಗೆ ಅರ್ಧ ಗಂಟೆ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಮಾತಿನ ವ್ಯಾಯಾಮ ಮಾಡಿಸುವುದು, ಮಾತ್ರೆ ತರಿಸುವುದು, ಅಪಾಯಿಂಟ್‌ಮೆಂಟ್ ಹಿಡಿಯುವುದು ಅಲ್ಲಿಂದಲೇ ಆಗುತ್ತದೆ.

ಹೆಂಗಸರ ಕೆಲಸ ಎಂದು ನಾವು ಎಷ್ಟರ ಮಟ್ಟಿಗೆ ಒಪ್ಪಿಕೊಂಡುಬಿಟ್ಟಿದ್ದೇವೆ ಎಂಬುದಕ್ಕೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59ರ ವಯಸ್ಸಿನವರಲ್ಲಿ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು 41 ಶೇಕಡಾ, ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 21.4 ಶೇಕಡಾ, 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ಹಾಸಿಗೆ ಹಿಡಿದವರು ಬಂದಾಗ ಈಗಾಗಲೇ ಓರೆಯಾಗಿರುವ ತಕ್ಕಡಿಗೇ ಇನ್ನೊಂದು ಕಲ್ಲು ಬೀಳುತ್ತದೆ.

ಕಲಿಸಿದರೆ ಸಾಕೇ?

‘ಮನೆಯವರಿಗೆ ತರಬೇತಿ ಕೊಟ್ಟುಬಿಡೋಣ’ ಎಂಬುದು ಎಲ್ಲರಿಗೂ ಹೊಳೆಯುವ ಪರಿಹಾರ. ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದಲ್ಲಿ ಅರ್ಧದಷ್ಟು ಕುಟುಂಬಗಳಿಗೆ ಆಸ್ಪತ್ರೆಯಲ್ಲೂ ಆಮೇಲೆ ಎರಡು ತಿಂಗಳವರೆಗೆ ಮನೆಯಲ್ಲೂ ಪುನಶ್ಚೇತನದ ತರಬೇತಿ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ 47 ಶೇಕಡಾ. ವ್ಯತ್ಯಾಸವೇ ಇಲ್ಲ. ಬ್ರಿಟನ್ನಿನಲ್ಲೂ ಹೀಗೇ. 2004ರಲ್ಲಿ 300 ರೋಗಿಗಳ ಸಣ್ಣ ಅಧ್ಯಯನವೊಂದರಲ್ಲಿ ತರಬೇತಿಯಿಂದ ಮನೆಯವರ ಹೊರೆ, ಖರ್ಚು ಎರಡೂ ಇಳಿದಿತ್ತು. ಅದನ್ನೇ 36 ಪಾರ್ಶ್ವವಾಯು ಘಟಕಗಳಿಗೆ, ರೋಗಿ-ನೋಡಿಕೊಳ್ಳುವವರ 928 ಜೋಡಿಗಳಿಗೆ ವಿಸ್ತರಿಸಿ 2013ರಲ್ಲಿ ನೋಡಿದಾಗ ಲಾಭ ಕಾಣಲಿಲ್ಲ. ಆಸ್ಪತ್ರೆಯ ಮೊದಲ ದಿನಗಳ ಗಾಬರಿ ಪಾಠಕ್ಕೆ ಸರಿಯಾದ ಹೊತ್ತಲ್ಲವೇನೋ ಎಂದು ಆ ಸಂಶೋಧಕರೇ ಬರೆದರು.

ಇದರಿಂದ ತರಬೇತಿಯೇ ದಂಡ ಎನ್ನುವಂತಿಲ್ಲ. ಮೇಲೆ ಹೇಳಿದ ಎತ್ತುವ ಕ್ರಮವನ್ನು ಮನೆಗೆ ಹೋಗುವ ಮೊದಲು ನರ್ಸಿನ ಎದುರು ಮೂರು ಸಲ ಸ್ವಂತ ಕೈಯಿಂದ ಮಾಡಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲೇಬೇಕು. ಒಬ್ಬರಲ್ಲ, ಇಬ್ಬರು ಕಲಿಯಬೇಕು. ಆದರೆ ಆಗಲೇ ಒಂಬತ್ತೂವರೆ ಗಂಟೆ ದುಡಿಯುತ್ತಿರುವವರಿಗೆ ಫಿಸಿಯೋಥೆರಪಿಸ್ಟಿನ ಕೆಲಸವನ್ನೂ ಕಲಿಸಿದರೆ ಸಿಗುವುದು ಫಿಸಿಯೋಥೆರಪಿಸ್ಟ್ ಅಲ್ಲ, ಹತ್ತೂವರೆ ಗಂಟೆ ದುಡಿಯುವ ಅದೇ ಹೆಂಗಸು. ಪಾಠದ ಜೊತೆಗೆ ಕೈಯೂ ಬೇಕು.

ಒತ್ತಡದ ಪರಿಣಾಮ ಏನೆಂಬುದು ಹಳೆಯ ಸುದ್ದಿ. ಅಮೆರಿಕದಲ್ಲಿ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ನಾಲ್ಕು ವರ್ಷ ಹಿಂಬಾಲಿಸಿದ 1999ರ ಅಧ್ಯಯನದಲ್ಲಿ, ಒತ್ತಡ ಅನುಭವಿಸುತ್ತಿದ್ದವರ ಸಾವಿನ ಅಪಾಯ ಆರೈಕೆಯ ಹೊಣೆ ಇಲ್ಲದವರಿಗಿಂತ 63 ಶೇಕಡಾ ಹೆಚ್ಚಿತ್ತು. ಆರೈಕೆ ಮಾಡುತ್ತಿದ್ದರೂ ಒತ್ತಡವಿಲ್ಲ ಎಂದವರಲ್ಲಿ ಆ ಏರಿಕೆ ಇರಲಿಲ್ಲ. ಕೊಲ್ಲುವುದು ಆರೈಕೆಯಲ್ಲ ಎಂಬುದನ್ನು ಗಮನಿಸಿ. ಪಾರ್ಶ್ವವಾಯು ಆದವರನ್ನು ನೋಡಿಕೊಳ್ಳುವವರ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ, ಅವರಲ್ಲಿ ಸುಮಾರು 40 ಶೇಕಡಾ ಮಂದಿಗೆ ಖಿನ್ನತೆಯ, 21 ಶೇಕಡಾ ಮಂದಿಗೆ ಆತಂಕದ ಲಕ್ಷಣಗಳಿವೆ ಎಂದಿತು.

ಆರು ತಿಂಗಳ ಹಳ್ಳ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಆರೈಕೆದಾರ ಎಂಬ ಪದಕ್ಕೆ ವ್ಯಾಖ್ಯಾನ ಕೊಟ್ಟಿದೆ. ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರೂ ಅದರಲ್ಲಿ ಸೇರುತ್ತಾರೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಎಂಬ ಮಾತೂ 24ನೇ ಕಲಮಿನಲ್ಲಿದೆ. ಕಾಗದದ ಮೇಲೆ ಚೆನ್ನಾಗಿದೆ. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಆ ಪಟ್ಟಿಯಲ್ಲಿ ಪಾರ್ಶ್ವವಾಯು ಇರಲಿಲ್ಲ. ಕೇರಳದ ‘ಆಶ್ವಾಸಕಿರಣಂ’ ಕಾಯಿಲೆಯ ಹೆಸರು ಕೇಳುವ ಬದಲು ಹಾಸಿಗೆ ಹಿಡಿದಿದ್ದಾರೆಯೇ ಎಂದು ನೋಡಿ ನೋಡಿಕೊಳ್ಳುವವರಿಗೆ 600 ರೂಪಾಯಿ ಕೊಡುತ್ತದೆ. ಮೊತ್ತ ಸಣ್ಣದು, ಆದರೆ ಕೇಳುವ ಪ್ರಶ್ನೆ ಸರಿಯಾದದ್ದು.

ಇನ್ನೊಂದು ಹಳ್ಳ ಪ್ರಮಾಣಪತ್ರದಲ್ಲಿದೆ. ನರ ಸಂಬಂಧಿ ವೈಕಲ್ಯವನ್ನು ಕಾಯಿಲೆ ಶುರುವಾಗಿ ಆರು ತಿಂಗಳ ನಂತರ ಅಳೆಯಬೇಕು ಎನ್ನುತ್ತದೆ ನಿಯಮ. ವೈದ್ಯಕೀಯವಾಗಿ ಅದು ಸರಿ, ಅಷ್ಟರಲ್ಲಿ ಚೇತರಿಕೆಯ ದೊಡ್ಡ ಪಾಲು ಮುಗಿದಿರುತ್ತದೆ. ಮನೆಯವರಿಗೆ ಮಾತ್ರ ಅತಿ ದುಬಾರಿಯಾದ, ಅತಿ ಕಷ್ಟದ ಆರು ತಿಂಗಳು ಯಾವ ಕಾರ್ಡೂ ಇಲ್ಲದೆ ಕಳೆಯುತ್ತದೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ಸೇರಿದ್ದಕ್ಕೆ. ಮನೆಯ ಡೈಪರ್, ಫಿಸಿಯೋಥೆರಪಿ, ಆಯಾ ಎಲ್ಲ ಕೈಯಿಂದಲೇ. ಆರು ತಿಂಗಳು ತುಂಬುವ ಮೊದಲೇ ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಬೇಕಾದ ಕಾಗದ ಜೋಡಿಸಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಈ ಅರ್ಜಿಗೆ ನೆರವಾಗುತ್ತಾರೆ. ವೈಕಲ್ಯ 40 ಶೇಕಡಾ ಎಂದು ಬಂದರೆ ಅಂಗವಿಕಲ ವೇತನಕ್ಕೆ ಅರ್ಜಿ ಹಾಕಬಹುದು. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿರುವ ಮನೆಯವರಿಗೆ 75,000 ರೂಪಾಯಿ ಕಡಿತ, 80 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000.

ಬ್ಯಾಂಕಿನ ಕೆಲಸ ಮೊದಲ ವಾರವೇ ಬರುತ್ತದೆ. ಸಹಿ ಹಾಕುತ್ತಿದ್ದ ಕೈಯೇ ಬಿದ್ದಿರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಸಹಿ ಹಾಕಲಾಗದ ಗ್ರಾಹಕರ ಹೆಬ್ಬೆರಳಿನ ಗುರುತು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು ತೆಗೆದುಕೊಳ್ಳಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಕೌಂಟರಿನಲ್ಲಿ ಇದು ಗೊತ್ತಿಲ್ಲದಿದ್ದರೆ ಮ್ಯಾನೇಜರಿಗೆ ಬರೆದು ಕೊಡಿ.

ಅದೇ ಬಿಪಿ ಮಷೀನು

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ರೋಗಿಯ ಜೊತೆ ಗಾಲಿಕುರ್ಚಿ ತಳ್ಳಿಕೊಂಡು ಬಂದವರನ್ನೂ ಅಲ್ಲೇ ಐದು ನಿಮಿಷ ಕೂರಿಸಿ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಸಿದ್ಧ ಇವೆ. 13 ಹೌದು-ಇಲ್ಲ ಪ್ರಶ್ನೆಗಳ ಪಟ್ಟಿಯೊಂದರಲ್ಲಿ ಏಳಕ್ಕೆ ‘ಹೌದು’ ಬಂದರೆ ಹೊರೆ ಮಿತಿಮೀರಿದೆ ಎಂದರ್ಥ. ಅಷ್ಟೂ ಸಮಯವಿಲ್ಲದಿದ್ದರೆ ಎರಡೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತೇ? ಮನಸ್ಸು ಕುಗ್ಗಿತ್ತೇ? ಹೆಚ್ಚಿನ ದಿನ ಹೌದು ಎಂದರೆ ಅವರಿಗೂ ಒಂದು ಓಪಿಡಿ ಚೀಟಿ ಬೇಕು.

ಮನೆಯಲ್ಲಿ ಗಮನಿಸಬೇಕಾದ ಗುರುತುಗಳು ಇನ್ನೂ ಒರಟು. ರೋಗಿಯ ಮೇಲೆ ಕೈ ಎತ್ತುವ ಹಂತಕ್ಕೆ ಬಂದಿರುವುದು. ‘ಇಬ್ಬರೂ ಹೋಗಿಬಿಟ್ಟರೆ ಸಾಕು’ ಎಂಬ ಮಾತು ಬಾಯಿಗೆ ಬರುವುದು. ಇದನ್ನು ಪಾಪವೆಂದು ಮುಚ್ಚಿಡಬೇಡಿ, ಅದೇ ದಿನ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ವಯಸ್ಸಾದವರಾದರೆ ಹಿರಿಯರ ಸಹಾಯವಾಣಿ 14567.

ಮೇಜಿನ ಮೇಲೆ ಬಿಪಿ ಮಷೀನು ಹೇಗೂ ಇದೆ, ದಿನಾ ಬೆಳಿಗ್ಗೆ ರೋಗಿಯದ್ದನ್ನು ನೋಡಿ ಡೈರಿಯಲ್ಲಿ ಬರೆಯುತ್ತೀರಿ. ಮೂವತ್ತು ವರ್ಷ ಅದೇ ಉಪ್ಪು, ಅದೇ ಉಪ್ಪಿನಕಾಯಿ ತಿಂದ ಹೆಂಡತಿಯದ್ದನ್ನು ಯಾರೂ ನೋಡಿರುವುದಿಲ್ಲ. ನೋಡಿದರೂ ಆಕೆಯ ಮಾತ್ರೆ ಮೂರು ವಾರದ ಹಿಂದೆ ಮುಗಿದಿರುತ್ತದೆ. ಡೈರಿಯ ಎಡ ಪುಟ ರೋಗಿಗೆ, ಬಲ ಪುಟ ನಿಮಗೆ. ವಾರಕ್ಕೆರಡು ಸಲ ಪಟ್ಟಿಯನ್ನು ನಿಮ್ಮ ತೋಳಿಗೂ ಸುತ್ತಿ, ಐದು ನಿಮಿಷ ಸುಮ್ಮನೆ ಕೂತು ಗುಂಡಿ ಒತ್ತಿ. ಎರಡು ಮೂರು ಸಲ ನೋಡಿದಾಗಲೂ ಮೇಲಿನದು 140 ದಾಟಿದ್ದರೆ, ಮುಂದಿನ ಓಪಿಡಿಗೆ ಹೋಗುವಾಗ ಚೀಟಿ ಎರಡು ಮಾಡಿಸಿ.